ನಮ್ಮ ಅಂಗಳ ಕುಡಿದ ನೀರು

ಪಕ್ಕದ ಮನೆಯ ಶಾಂತಕ್ಕ ಮೋಟಾರು ಹಚ್ಚಿ ನಮ್ಮ ನಳದ ನೀರು ಎಳೆಯುತ್ತಿದ್ದರು ಎಂದು ಧಾರವಾಡದ ನಮ್ಮ ಓಣಿ ಇವತ್ತಿಗೂ ಹೇಳುತ್ತದೆ. ಯಾವ ಸಾಕ್ಷಿಯ ಮೇಲೆ? ನನ್ನ ವಾದದ ಮೇಲೆ. ವಾರಕ್ಕೊಮ್ಮೆ ನೀರು ಬಿಟ್ಟಾಗ ಅವರ ಟಾಕಿ ತುಂಬುತ್ತಿತ್ತು, ನಮ್ಮದು ಅರ್ಧಕ್ಕೇ ನಿಲ್ಲುತ್ತಿತ್ತು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಓಣಿಯವರೆದುರು ಅವರನ್ನು ಕಳ್ಳಿ ಮಾಡಿಬಿಟ್ಟೆ. ಮರುದಿನವೇ ಶಾಂತಕ್ಕ ಮೋಟಾರು ಬಿಚ್ಚಿಸಿದರು. ಅಂದಿನಿಂದ ನೋಯುವ ಮೊಣಕಾಲಲ್ಲೇ ಮಾಳಿಗೆಗೆ ಕೊಡ ಹೊರುತ್ತಾರೆ.

ಆಮೇಲೂ ನಮ್ಮ ಟಾಕಿ ತುಂಬಲಿಲ್ಲ. ಅವರು ಕದ್ದಿಲ್ಲ ಎನ್ನಲು ಅಷ್ಟು ಸಾಕ್ಷಿ ಸಾಲದಾಗಿತ್ತೇ? ನಾನು ಮಾತ್ರ ಒಪ್ಪಲಿಲ್ಲ. ಕಳೆದ ವಾರ ನೀರು ಬಂದ ಹೊತ್ತಿಗೆ, ನಾವು ಕರೆಸಿದ್ದ ಪ್ಲಂಬರ್ ಕಾಕಾ ನಮ್ಮ ಅಂಗಳಕ್ಕೆ ಕಬ್ಬಿಣದ ಸಲಾಕೆ ಊರಿ, ಅದರ ತುದಿಗೆ ಕಿವಿಯಿಟ್ಟು ನೆಲದಡಿ ನೀರು ಸೋರುವ ಸದ್ದು ಆಲಿಸಿದರು. ಅಲ್ಲೇ ಅಗೆದರೆ, ತುಕ್ಕು ಹಿಡಿದ ಹಳೆಯ ಪೈಪು ಜರಡಿಯಾಗಿತ್ತು.

"ನಿಮ್ಮ ನೀರು ಯಾರೂ ಕದ್ದಿಲ್ಲೋ ತಮ್ಮಾ. ನಿಮ್ಮ ಅಂಗಳನ ಕುಡದೈತಿ, ಎಷ್ಟ ವರ್ಷದಿಂದನೋ ಏನೋ," ಎಂದರು.

ಹೊಸ ಪೈಪು ಕೂಡಿಸಿದ ಮೇಲೆ ನಮ್ಮ ಟಾಕಿ ತುಂಬಿ ಚೆಲ್ಲಿತು. ಮೆಟ್ಟಿಲ ಮೇಲೆ ಕೊಡವಿಟ್ಟು ದಣಿವಾರಿಸಿಕೊಳ್ಳುತ್ತಿದ್ದ ಶಾಂತಕ್ಕನ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಕೊಡ ಎತ್ತಿಕೊಂಡರು. ನನ್ನ ನಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ; ಮೇಲೇರುತ್ತಿದ್ದವರನ್ನು ಕೇಳಿದೆ: "ಶಾಂತಕ್ಕಾ, ನಾ ಅಷ್ಟ ಮಂದಿ ಮುಂದ ಮಾತಾಡುವಾಗ, ಮೊದಲ ನಿಮ್ಮ ಅಂಗಳ ಅಗದ ನೋಡೋ ಅಂತ ನೀವು ಯಾಕ ಅನಲಿಲ್ರಿ?"