ಅಭಿಪ್ರಾಯದ ಪುಸ್ತಕದಲ್ಲಿ ನಾನು ಬರೆದ ಎರಡು ಸಾಲು

ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಪಡಸಾಲೆಗೆ ತಂದು ಸುರಿದುಕೊಂಡು ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರದ ಪುಡಿ ಆಗಬೇಕಿತ್ತು. ಬ್ಯಾಡಗಿಯಲ್ಲಿ ಇದ್ದವರಿಗೆ ಮೆಣಸಿನಕಾಯಿ ಘಾಟು ಹತ್ತುವುದಿಲ್ಲ ಎನ್ನುತ್ತಾರೆ. ಸುಳ್ಳು. ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಹೊಸ ಕಾಯಿಯ ಮೊದಲ ಬುಟ್ಟಿಗೆ ಸೀನು ಬರುತ್ತದೆ. ಸೀನು ಬಂದ ಕೂಡಲೇ ಹಿಂದಿನ ಮನೆಯ ಚಿಗವ್ವ ನೆನಪಾಗುತ್ತಾಳೆ. "ಮೂಗು ಮುಚ್ಕೋಬ್ಯಾಡ, ಬಾಯಾಗೊಂದು ಬೆಲ್ಲದ ಹಳಕ ಇಟ್ಕೋ" ಎಂದು ಹೇಳಿಕೊಟ್ಟವಳು ಅವಳು.

ಅಷ್ಟರಲ್ಲಿ ಫೋನು ಬಂತು. ಹಾವೇರಿಯಿಂದ ನನ್ನ ನಾದಿನಿ. ಅವಳ ಅತ್ತೆಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಹುಬ್ಬಳ್ಳಿಯ ಡಾಕ್ಟರು ಇನ್ನು ನಮ್ಮಿಂದ ಆಗುವುದೇನಿಲ್ಲ ಎಂದು ಕಳಿಸಿ ಮೂರು ವಾರವಾಗಿತ್ತು.

"ವೈನಿ, ಸೋಮವಾರ ಅತ್ತೀನ್ನ ಸೇರಸ್ತೇವ್ರಿ. ರಾಣೇಬೆನ್ನೂರ ಆಚೆ ಐತೆಲ್ಲಾ, ಕೊನೀಗಾಲದವ್ರನ್ನ ನೋಡ್ಕೊಳ್ಳೋ ಮನಿ, ಅಲ್ಲೇ. ನಿನ್ನೆ ಎಲ್ಲಾರೂ ಹೋಗಿ ನೋಡಿ ಬಂದ್ವಿ. ನೆಲದಾಗ ಮಾರಿ ಕಾಣಸ್ತೈತ್ರಿ, ಅಷ್ಟು ಸ್ವಚ್ಛ. ಉಪ್ಪಿಟ್ಟು, ಶಿರಾ ಮಾಡಿ ಕೊಟ್ರು."

ಖಾರ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅವಳು ಮುಂದುವರಿಸಿದಳು.

"ಅಲ್ಲೊಂದು ಅಭಿಪ್ರಾಯದ ಪುಸ್ತಕ ಇಟ್ಟಾರ. ಅದರಾಗ ನಿಮ್ಮ ಅಕ್ಷರ ನೋಡಿದೆ. ಚಿಗವ್ವನ ಬಗ್ಗೆ ಬರದೀರೆಲ್ಲಾ... ನಮ್ಮ ಮನಿಯವ್ರು ಹಿಂದ ಮುಂದ ನೋಡಾಕತ್ತಿದ್ರು. ನೀವು ಬರದದ್ದು ಓದೇ ಒಪ್ಪಿದ್ರು ನೋಡ್ರಿ."

"ಒಲಿ ಮ್ಯಾಲೆ ಹಾಲೈತಿ, ಆಮ್ಯಾಲೆ ನಾನ ಮಾಡ್ತೇನಿ" ಎಂದು ಫೋನು ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಎರಡು ಸಾಲು ಬರೆದು ಐದು ವರ್ಷವಾಗಿತ್ತು.

ಚಿಗವ್ವ ನನಗೆ ಬಳಗದವಳಲ್ಲ. ನಾನು ಅಗಡಿಯಿಂದ ಮದುವೆಯಾಗಿ ಬಂದಾಗ ನಮ್ಮ ಹಿತ್ತಲಿಗೆ ಹಿತ್ತಲು ಹಚ್ಚಿ ಅವಳ ಒಂಟಿ ಖೋಲಿ ಇತ್ತು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಮೋಟೆಬೆನ್ನೂರಿನಲ್ಲಿ ಒಕ್ಕಲುತನ ಮಾಡುವ ಒಬ್ಬ ತಮ್ಮನಿದ್ದ. ಮೆಣಸಿನಕಾಯಿ ವ್ಯಾಪಾರಿಗಳ ಅಂಗಳದಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಲಿಂಗಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರೆ ಸಂಜೆ ಕೆಂಪು ಧೂಳು ಹೊತ್ತುಕೊಂಡು ಬರುತ್ತಿದ್ದಳು. ಚೀಲ ಬಿಚ್ಚಿದವರು ಮೇಲಿನ ಕಾಯಿ ತೋರಿಸಿದರೆ ಅವಳು ನೋಡುತ್ತಲೇ ಇರಲಿಲ್ಲ. ಮೊಣಕೈ ಮುಳುಗುವವರೆಗೆ ಕೈ ಇಳಿಸಿ ತಳದ ಕಾಯಿ ಎಳೆದು ತೆಗೆಯುತ್ತಿದ್ದಳು. ಒಮ್ಮೆ ಮಾಲು ತಂದವನೊಬ್ಬನಿಗೆ, "ಅಣ್ಣಾ, ಮ್ಯಾಲಿನವು ನಿನ್ನ ಮಕ್ಕಳು, ತಳದಾಗಿನವು ಮಲಮಕ್ಕಳೇನು?" ಎಂದು ಕೇಳಿದ್ದಳಂತೆ. ಇಡೀ ಅಂಗಳ ನಕ್ಕಿತ್ತಂತೆ.

ಇಂಥವಳು ಊಟದ ವಿಷಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಯಾರ ಮನೆಯಲ್ಲಿ ಉಂಡರೂ ಚಲೋ ಆಗೇತಿ ಎನ್ನುತ್ತಿದ್ದಳು. ನಾನು ಹೊಸದರಲ್ಲಿ ಉಪ್ಪೇ ಹಾಕದ ಸಾರನ್ನು ಬಡಿಸಿದಾಗಲೂ ಎರಡು ಸಲ ಹಾಕಿಸಿಕೊಂಡು ಉಂಡಳು. ಆಮೇಲೆ ನಾನು ರುಚಿ ನೋಡಿ ಬಾಯಿ ಬಾಯಿ ಬಡಿದುಕೊಂಡರೆ ಅವಳು ಹೇಳಿದ್ದಿಷ್ಟೇ: "ಉಂಡ ಮನಿ ಜಂತಿ ಎಣಿಸಬಾರದು ಮಗಳ."

ಆ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ ನಾನೂ ಹಾಗೇ ನಡೆದೆ. ಈಗ ಆ ಗಾದೆ ಕೇಳಿದರೆ ಮೈ ಉರಿಯುತ್ತದೆ.

ಅವಳಿಗೆ ಬಂದದ್ದು ಗರ್ಭಕೋಶದ ಕ್ಯಾನ್ಸರ್. ತಿಳಿಯುವಷ್ಟರಲ್ಲಿ ಬೆನ್ನಿನ ಎಲುಬಿಗೆ ಇಳಿದಿತ್ತು. ಕೂತರೆ ಏಳಲಾರಳು, ಎದ್ದರೆ ಕೂಡಲಾರಳು. ಇಂಥ ನೋವಿಗೆ ಒಂದು ಗುಳಿಗೆ ಬರುತ್ತದೆ, ಅದು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಕೊನೆಗಾಲದವರನ್ನು ನೋಡಿಕೊಳ್ಳುವ ಆ ಮನೆಯಲ್ಲಿ ಇದೆ ಎಂದು ಡಾಕ್ಟರು ಹೇಳಿದರು. ಚಿಗವ್ವ ನನ್ನ ಕೈ ಹಿಡಿದುಕೊಂಡು, "ಸಾಯೋದಕ್ಕ ಅಂಜಿಕಿಲ್ಲವ್ವಾ. ಒದರಿಕೋತ ಸಾಯಬಾರದು ನೋಡು. ನಾಕು ಮಂದಿ ಕೇಳಬಾರದು" ಎಂದಳು. ಹದಿನೈದು ವರ್ಷದಲ್ಲಿ ಅವಳು ನನ್ನ ಹತ್ತಿರ ಕೇಳಿದ್ದು ಅದೊಂದೇ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಇದೆ. ಹಿರಿಯರೊಬ್ಬರು, ಮಾತಾಡುವವರೊಬ್ಬರು, ಅಡುಗೆ ಮನೆ ಕಡೆ ಹೋಗಿ ಬರಲು ಹೆಣ್ಣುಮಕ್ಕಳಿಬ್ಬರು. ಚಿಗವ್ವನ ತಮ್ಮ, ಅವನ ಹೆಂಡತಿ, ನಮ್ಮ ಮನೆಯವರು, ನಾನು, ಹೀಗೆ ನಾಲ್ಕು ಮಂದಿ ಆ ಮನೆ ನೋಡಲು ಹೋದದ್ದು ಹಾಗೆಯೇ. ಬೇರೆ ರೀತಿ ನೋಡುವುದು ನಮಗೆ ಗೊತ್ತೇ ಇರಲಿಲ್ಲ. ದೇವರ ಕೋಣೆ ನೋಡಿದೆವು, ದೀಪ ಉರಿಯುತ್ತಿತ್ತು, ಹೂ ಅವತ್ತಿನದೇ. ನಾನು ಭಾರಿ ಶಾಣ್ಯಾಳಂತೆ ಪಾತ್ರೆಯ ಕಪಾಟಿನ ಹಿಂದೆ ಬೆರಳಾಡಿಸಿ ನೋಡಿದೆ, ಜಿಡ್ಡಿರಲಿಲ್ಲ. ನೀರಿನ ತೊಟ್ಟಿಯ ಮುಚ್ಚಳ ತೆಗೆಸಿದೆವು. "ಅಡಿಗಿಯವ್ರು ನಮ್ಮ ಪೈಕಿಯವ್ರೇನ್ರಿ?" ಎಂದು ತಮ್ಮನ ಹೆಂಡತಿ ಕೇಳಿದಳು. ಮನೆ ನಡೆಸುವ ಹಿರಿಯರು ವಿಭೂತಿ ಹಚ್ಚಿದವರು, ಮೆತ್ತಗೆ ಮಾತಾಡುವವರು. ಎಲ್ಲದಕ್ಕೂ ನಗುನಗುತ್ತಾ ಉತ್ತರ ಕೊಟ್ಟು, ಕೂಡಿಸಿ ಉಪ್ಪಿಟ್ಟು, ಶಿರಾ, ಚಹಾ ಕೊಡಿಸಿದರು. ಉಂಡೆವು. ಉಂಡ ಮೇಲೆ ಇನ್ನೇನು ಕೇಳುವುದು?

ಗುಳಿಗೆ ಎಲ್ಲಿಡುತ್ತೀರಿ, ಎಷ್ಟು ತಾಸಿಗೊಮ್ಮೆ ಕೊಡುತ್ತೀರಿ, ಕೊಡುವವರು ಇಲ್ಲದ ದಿನ ಯಾರು ಕೊಡುತ್ತಾರೆ, ಇದನ್ನು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ. ಹೋದದ್ದೇ ಆ ಗುಳಿಗೆಗಾಗಿ! ಅಲ್ಲಿ ಮಲಗಿದ್ದ ಒಬ್ಬ ರೋಗಿಯ ಹತ್ತಿರ ಕೂತು, ಹೇಗೆ ನೋಡಿಕೊಳ್ಳುತ್ತಾರೆ ಎಂದು ಮಾತಾಡಿಸಲಿಲ್ಲ. ಒಂದು ಸೇರು ಮೆಣಸಿನಕಾಯಿಗೆ ಚೀಲದ ತಳದವರೆಗೆ ಕೈ ಹಾಕುತ್ತಿದ್ದವಳ ಸಲುವಾಗಿ ನಾವು ಚೀಲದ ಬಾಯಿ ನೋಡಿ ಬಂದೆವು.

ತಮ್ಮ ನನ್ನ ಮುಖ ನೋಡಿದ. "ನೀವು ಹೂಂ ಅಂದ್ರ ಹೂಂ ಅಕ್ಕಾರ. ಅಕ್ಕಗ ನಮಗಿಂತ ನೀವ ಹತ್ರ."

"ಮನಿ ಚಲೋ ಐತಿ" ಎಂದೆ ನಾನು.

ಸೇರಿಸಿದ ಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳುವುದನ್ನು ನೋಡಿದೆ. "ಅಜ್ಜೀ, ನೋವು ಐತೇನ್ರಿ?" ಚಿಗವ್ವ ಕೈ ಮುಗಿದು, "ಇಲ್ಲ ಯವ್ವಾ, ನಿಮ್ಮ ದಯಾ, ಆರಾಮ ಅದೀನಿ" ಎಂದಳು. ನರ್ಸಮ್ಮ ಮಂಚಕ್ಕೆ ತೂಗುಹಾಕಿದ್ದ ವಹಿಯಲ್ಲಿ ಬರೆದುಕೊಂಡು ಹೋದಳು. ನಾನು ಆಗ ಏನೆಂದುಕೊಂಡೆ ಗೊತ್ತೇ? ಅಂತೂ ಗುಳಿಗೆ ಹಿಡಿಯಿತು, ದೇವರು ದೊಡ್ಡವನು ಎಂದುಕೊಂಡೆ. ಅವಳ ಮುಷ್ಟಿ ಹಾಸಿಗೆಯ ಬಟ್ಟೆಯನ್ನು ಹಿಂಡುತ್ತಿದ್ದದ್ದು ಕಂಡಿತ್ತು... ಕಂಡರೂ ನೋಡಲಿಲ್ಲ.

ಮೂರನೇ ಸಲ ಹೋದದ್ದು ಒಂದು ರವಿವಾರ, ಮಧ್ಯಾಹ್ನ. ಅವಳಿಗೆಂದು ತೆಳ್ಳಗೆ ಅಂಬಲಿ ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಚಿಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೆ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದೆ. ಸೆರಗಿನ ಚುಂಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಕಿತ್ತುಬರುವಂತಿದ್ದವು. ಸೆರಗು ಎಳೆದರೆ ಹಲ್ಲು ಬಿಡಲಿಲ್ಲ. ಅದರ ತುಂಬ ರಕ್ತದ ಕಲೆ.

ನರ್ಸಮ್ಮನನ್ನು ಕೂಗಿ ಕರೆದೆ. ಬಂದಳು.

"ಈಕಿ ಗುಳಿಗಿ ಎಲ್ಲಿ?"

"ಕಪಾಟಿನ್ಯಾಗ ಅದಾವ್ರಿ. ಕೀಲಿಕೈ ದೊಡ್ಡವ್ರ ಹತ್ರ ಐತಿ. ನಿನ್ನೆ ಮಧ್ಯಾಹ್ನ ಊರಿಗೆ ಹೋಗ್ಯಾರ, ನಾಳೆ ಬರ್ತಾರ."

"ನಿನ್ನೆಯಿಂದ ಏನು ಕೊಟ್ಟಿ ಮತ್ತ?"

"ಸಾದಾ ಗುಳಿಗಿ ಕೊಟ್ಟೇನ್ರಿ. ಅಜ್ಜಿ ನೋವಿಲ್ಲ ಅಂದಾರ್ರಿ. ಬರದೇನಿ ನೋಡ್ರಿ ಬೇಕಾದ್ರ." ವಹಿ ತೆಗೆದು ನನ್ನ ಮುಂದೆ ಹಿಡಿದಳು. ದಿನಕ್ಕೆ ಮೂರು ಹೊತ್ತು, ಒಂದರ ಕೆಳಗೊಂದು, ನೋವು ಇಲ್ಲ, ನೋವು ಇಲ್ಲ, ನೋವು ಇಲ್ಲ. ಆ ರವಿವಾರದ ಸಂಜೆಯ ಜಾಗದಲ್ಲಿಯೂ ಬರೆದಾಗಿತ್ತು. ಸಂಜೆ ಇನ್ನೂ ಆಗಿರಲಿಲ್ಲ.

ಕಪಾಟು ಒಡೆಯಿರಿ ಎಂದೆ. ಒಡೆಯಲು ನಮಗೆ ಹಕ್ಕಿಲ್ಲ ಎಂದಳು. ಆ ಗುಳಿಗೆಗೆ ಸರಕಾರದ ಕಟ್ಟುನಿಟ್ಟು ಇದೆ, ಕೀಲಿ ಹಾಕಿಯೇ ಇಡಬೇಕು ಎನ್ನುವುದು ನನಗೂ ಆಮೇಲೆ ತಿಳಿಯಿತು. ಕೀಲಿ ಇರಲಿ. ಕೀಲಿಕೈ ಊರಿಗೆ ಹೋಗಬೇಕೇ? ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ರವಿವಾರವೂ ಒಬ್ಬರಿದ್ದರು. ನಾನೇ ನೋಡಿದೆ, ದೀಪ ಉರಿಯುತ್ತಲೇ ಇತ್ತು. ಅವತ್ತು ಆ ದೀಪ ನೋಡಿ ನನಗೆ ಕೈ ಮುಗಿಯಲು ಮನಸ್ಸಾಗಲಿಲ್ಲ. ಹಾಗೆ ಆದದ್ದು ಜೀವನದಲ್ಲಿ ಅದೇ ಮೊದಲು.

ನಾನು ದನಿ ಎತ್ತಿದ್ದಕ್ಕೆ ಪಕ್ಕದ ಕೋಣೆಯವರು ಬಂದು ನಿಂತರು. ಆಗ ಚಿಗವ್ವ ಬಾಯೊಳಗಿನ ಸೆರಗು ತಾನೇ ತೆಗೆದು ನನ್ನ ಕಡೆ ತಿರುಗಿದಳು. "ಜಗಳಾಡಬ್ಯಾಡ ಮಗಳ. ಅವರ ಅನ್ನ ಉಣ್ಣಾಕತ್ತೇನಿ."

ನಾನು ಸುಮ್ಮನಾದೆ. ಅವಳ ಮಾತಿಗೆ ಬೆಲೆ ಕೊಟ್ಟೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಬೆಲೆಯೂ ಅಲ್ಲ, ಏನೂ ಅಲ್ಲ, ಅದು ಹೇಡಿತನ.

ಸಣ್ಣ ಉಪಕಾರಗಳನ್ನು ಮರೆಯಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ಮರೆತಿಲ್ಲ. ಕಸ ಹೊಡೆಯುವ ಹೆಣ್ಣುಮಗಳೊಬ್ಬಳು ಆ ಮಧ್ಯಾಹ್ನ ಯಾರೂ ಹೇಳದೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತಂದು ಚಿಗವ್ವನ ಬೆನ್ನು ಕಾಸಿದಳು, ಉಪ್ಪು ಆರಿದಂತೆ ಮತ್ತೆ ಹೋಗಿ ಬಿಸಿ ಮಾಡಿಕೊಂಡು ಬಂದಳು. ಅವಳ ಕೈ ತಣ್ಣಗಿರಲಿ. ಸೋಮವಾರ ಹತ್ತು ಗಂಟೆಗೆ ಕಪಾಟು ತೆರೆದ ಮೇಲೆ ಚಿಗವ್ವ ಮೂರು ತಾಸು ನಿದ್ದೆ ಮಾಡಿದಳಂತೆ, ಅದೂ ಒಂದು ಉಪಕಾರವೇ. ಇನ್ನೊಂದು... ಇನ್ನೊಂದು ಹುಡುಕಿದೆ, ಸಿಗಲಿಲ್ಲ.

ಬುಧವಾರ ಮಧ್ಯಾಹ್ನ ಹೋದಳು. ಒದರಲಿಲ್ಲ. ಅವಳು ಬೇಡಿದ್ದು ನಡೆಯಿತು ಎಂದು ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು. ಅವಳು ಬೇಡಿದ್ದು ಗುಳಿಗೆಯಿಂದ ನಡೆದಿರಲಿಲ್ಲ, ಸೆರಗಿನಿಂದ ನಡೆದಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹೆಣವನ್ನು ಗಾಡಿಗೆ ಏರಿಸುವಾಗ ಆ ಹಿರಿಯರು ನನ್ನನ್ನು ಒಳಗೆ ಕರೆದು ಕೂಡಿಸಿದರು. "ದೂರದಿಂದ ಬಂದೀರಿ, ಒಂದು ಗುಟುಕು ಚಾ ಕುಡೀರಿ ತಾಯೀ" ಎಂದರು. ಕುಡಿದೆ. ಅಭಿಪ್ರಾಯದ ಪುಸ್ತಕವನ್ನು ಮುಂದಿಟ್ಟು ಪೆನ್ನು ಕೊಟ್ಟರು. "ಇಲ್ಲಿ ನಮ್ಮ ಚಿಗವ್ವನನ್ನು ಸ್ವಂತ ತಾಯಿಯಂತೆ ನೋಡಿಕೊಂಡರು. ಭಗವಂತ ಈ ಮನೆಗೆ ಒಳ್ಳೆಯದು ಮಾಡಲಿ." ಹೀಗೆ ಎರಡು ಸಾಲು, ದುಂಡಗೆ ಬರೆದೆ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ನಾದಿನಿಯ ಫೋನು ಇಟ್ಟ ಅರ್ಧ ತಾಸಿಗೆ ನಾನೇ ಹಾವೇರಿಗೆ ಫೋನು ಮಾಡಿದೆ. ನಾದಿನಿಗೆ ನಡೆದದ್ದನ್ನೆಲ್ಲ ಹೇಳಿದೆ. ಸೆರಗಿನ ಮಾತು ಬಂದಾಗ ಅವಳು ಆ ಕಡೆಯಿಂದ "ಶಿವನೇ" ಎಂದಳು.

"ಸೋಮವಾರ ನಾನೂ ಬರ್ತೇನಿ" ಎಂದೆ. "ಆ ಪುಸ್ತಕದಾಗ ನಾ ಬರದದ್ದನ್ನ ನನ್ನ ಕೈಯಾರೆ ಹೊಡದು ಹಾಕ್ತೇನಿ, ಆಮ್ಯಾಲೆ ಆಗಿದ್ದನ್ನ ಆಗಿದ್ಹಾಂಗ ಬರೀತೇನಿ. ನೀ ಮಾತ್ರ ಅತ್ತೀನ್ನ ಕರಕೊಂಡು ಬರಬ್ಯಾಡ, ಮೊದಲ ಕೇಳೂನು. ಕೀಲಿಕೈ ಎಷ್ಟು ಮಂದಿ ಹತ್ರ ಐತಿ ಕೇಳು. ಶನಿವಾರ, ರವಿವಾರ ಗುಳಿಗಿ ಕೊಡೋರನ್ನ ಕರಸು, ಮಾರಿ ನೋಡು. ಮಲಗಿದವ್ರ ಹತ್ರ ಕುಂತು ಕೈ ಹಿಡದು ಕೇಳು, ಬಾಗಲದಾಗ ನಿಂತು ಕೇಳಬ್ಯಾಡ. ಐದು ವರ್ಷದಾಗ ಸುಧಾರಿಸಿದ್ರ ಸೇರಸೂನು, ಇಲ್ಲಂದ್ರ ಹುಬ್ಬಳ್ಳಿ ಡಾಕ್ಟರ್ನ ಮತ್ತ ಹಿಡಿಯೂನು. ಒಂದು ಮಾತು, ಕೇಳಿ ಮುಗಿಯೋತನಕ ಅವರ ಮನಿ ನೀರೂ ಕುಡೀಬ್ಯಾಡ."

"ಕೊಟ್ಟಾಗ ಒಲ್ಲೆ ಅಂದ್ರ ಚಲೋ ಕಾಣಸ್ತೈತೇನ್ರಿ ವೈನಿ?"

"ಕಾಣಸೂದಿಲ್ಲ."

"ಇಷ್ಟೆಲ್ಲಾ ಆಗಿತ್ತಂದ್ರ ಆವಾಗ ಯಾಕ ಹೇಳಲಿಲ್ರಿ?" ಎಂದಳು. ಸಿಟ್ಟಿನಿಂದಲೇ ಕೇಳಿದಳು. ಕೇಳಬೇಕಾದದ್ದೇ.

"ಚಾ ಕುಡದಿದ್ದೆ" ಎಂದೆ.

ಫೋನಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಚಿಗವ್ವನ ಖೋಲಿಯಲ್ಲಿ ಈಗ ಬೇರೆ ಯಾರೋ ಬಾಡಿಗೆಗೆ ಇದ್ದಾರೆ. ಅವರ ಬಟ್ಟೆ ತಂತಿಯ ಮೇಲೆ ಒಣಗುತ್ತಿದ್ದವು. ಚಿಗವ್ವಾ, ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಅಂದರೆ ಅವಳು ಏನು ಹೇಳುತ್ತಾಳೆ ಎನ್ನುವುದು ಗೊತ್ತಿತ್ತು, ಏನೂ ಆಗಿಲ್ಲ ಬಿಡು ಮಗಳ ಎನ್ನುತ್ತಾಳೆ. ಆ ಮಾತು ನನಗೆ ಬೇಕಾಗಿರಲಿಲ್ಲ. ಅನ್ನಲಿಲ್ಲ.

ಮಕ್ಕಳು ಸಾಲೆಯಿಂದ ಬರುವ ಹೊತ್ತಾಗಿತ್ತು. ಒಳಗೆ ಬಂದು ಜೋಳದ ಹಿಟ್ಟು ನಾದಲು ನೀರು ಕಾಯಲಿಟ್ಟೆ.