ಕುರೋಸು ಮತ್ತು ಮೇಷ್ಟ್ರ ಕೈಗವಸು

ಕುರೋಸು ಯಾಸುಹಿಕೊ ಹುಟ್ಟಿದಾಗಿನಿಂದ ಬೇರೆಯವರ ಅಳತೆಯ ವಸ್ತುಗಳಲ್ಲೇ ಬಾಳಿದವನು. ಶಾಲೆಗೆ ಹೋದದ್ದು ಅಣ್ಣನ ಅಂಗಿಯಲ್ಲಿ, ತೋಳು ಮಡಚಿ ಮಡಚಿ. ಮದುವೆಯಾದದ್ದು ಅಪ್ಪನ ಕಪ್ಪು ಕೋಟಿನಲ್ಲಿ. ಮಿಯಾಕೊನೋಜೊ ಊರಿನ ನೀರಿನ ಕಚೇರಿಯಲ್ಲಿ, ಹಿಂದಿನ ಅಧಿಕಾರಿ ಬಿಟ್ಟುಹೋದ ಕುರ್ಚಿಯ ಮೇಲೆ, ಕಾಲು ನೆಲಕ್ಕೆ ತಾಗದೆ, ನಿವೃತ್ತಿಯವರೆಗೂ ಕೂತ. ಕುರ್ಚಿಯ ಅಡಿಯಲ್ಲಿ ಒಂದು ತಿರುಪು ಇತ್ತು. ತಿರುಗಿಸಿದ್ದರೆ ಕುರ್ಚಿ ತಗ್ಗುತ್ತಿತ್ತು. ಆದರೆ ತಿರುಗಿಸಿದರೆ ತಾನು ಗಿಡ್ಡ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಕುರೋಸು ತಿರುಗಿಸಲಿಲ್ಲ.

ಅಂಥವನ ಪಾಲಿಗೆ ಕಿತ್ಸುಕಾವಾ ಮೇಷ್ಟ್ರ ಕೈಗವಸು ಬಂತು.

ಮೇಷ್ಟ್ರು ಊರಿನ ಬಿಲ್ಲುಗರಡಿಯ ಯಜಮಾನರಾಗಿದ್ದವರು. ಕರಡಿಯ ಪಂಜದಂಥ ಕೈ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಂಡತಿ ಹಾತ್ಸುನೊ ಕೈಗವಸನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು, ಎಲ್ಲರೂ ನೋಡುತ್ತಿರುವಾಗ, ಹಿರಿಯ ಶಿಷ್ಯನಾದ ಕುರೋಸುವಿನ ಮುಂದೆ ಇಟ್ಟಳು. ಗರಡಿಯ ಕಟ್ಟಳೆ ಇಷ್ಟೇ: ಗುರುವಿನ ಕೈಗವಸು ಪಡೆದವನು ವರ್ಷದ ತಿಥಿಯ ದಿನ ಅದನ್ನೇ ತೊಟ್ಟು ಎರಡು ಬಾಣ ಬಿಡಬೇಕು. ಆಮೇಲೆ ಗರಡಿಯ ಯಜಮಾನಿಕೆ ಅವನದು. ಬೇಡವೆಂದರೆ ಕೈಗವಸು ಮುಂದಿನವರಿಗೆ ಹೋಗುತ್ತದೆ. ಮುಂದಿನವಳು ಹಿದಾಕಾ ಸುಮಿಯೆ. ಬಸ್ ನಿಲ್ದಾಣದ ಬಳಿ ಊಟದ ಡಬ್ಬಿ ಮಾರುವ ಹೆಂಗಸು. ನಾಲ್ಕು ಬಾಣ ಬಿಟ್ಟರೆ ನಾಲ್ಕೂ ಗುರಿಗೆ ತಾಗುತ್ತಿದ್ದವು. ಹಲ್ಲು ಕಾಣುವಂತೆ ನಗುತ್ತಿದ್ದಳು. ಗರಡಿಯ ಹಿರಿಯರು ಅವಳ ಗುರಿಯನ್ನಾದರೂ ಕ್ಷಮಿಸುತ್ತಿದ್ದರೇನೋ, ನಗುವನ್ನಲ್ಲ.

ಬಿಲ್ಲಿನ ಕೈಗವಸು ಚಳಿಗೆ ಹಾಕುವ ಉಣ್ಣೆಯ ಗವಸಲ್ಲ. ಜಿಂಕೆಯ ಚರ್ಮದ್ದು, ಹೆಬ್ಬೆರಳಿನ ಭಾಗದಲ್ಲಿ ಮರದ ಗಟ್ಟಿ ಗೂಡು. ಬಿಲ್ಲಿನ ಹೆದೆ ಆ ಗೂಡಿನ ಬುಡಕ್ಕೇ ಸಿಕ್ಕಿಕೊಳ್ಳಬೇಕು. ಕುರೋಸು ಮನೆಯಲ್ಲಿ ತೊಟ್ಟು ನೋಡಿದ. ಅವನ ಹೆಬ್ಬೆರಳು ಆ ಗೂಡಿನೊಳಗೆ ಗಂಟೆಯ ನಾಲಗೆಯಂತೆ ತೂಗಾಡಿತು.

"ಏನ್ರೀ ಅದು, ಕೈಗೂ ನಿಮ್ಮಪ್ಪನ ಕೋಟು ಹಾಕ್ಕೊಂಡ್ರಾ?" ಹೆಂಡತಿ ಮಿನೆಕೊ ಕೇಳಿದಳು.

"ಸರಿಯಾಗೇ ಇದೆ."

"ಸರಿಯಾಗಿದ್ರೆ ಒಂಚೂರು ಕೈ ಬೀಸಿ, ನೋಡೋಣ."

ಬೀಸಿದ. ಕೈಗವಸು ಹಾರಿ ಸಾರಿನ ಪಾತ್ರೆಯ ಪಕ್ಕ ಬಿತ್ತು. ಮಿನೆಕೊ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಗರಡಿಯಲ್ಲಿ ಅಭ್ಯಾಸದ ದಿನ ಹೆದೆಯನ್ನು ಅರ್ಧ ಎಳೆದಿದ್ದನಷ್ಟೆ. ಬೆರಳು ಒಳಗೆ ತಿರುಗಿತು, ಹೆದೆ ಜಾರಿತು, ಬಾಣ ನೆಟ್ಟಗೆ ಚಾವಣಿಗೆ ನಾಟಿತು. ಯಾರೂ ಮೇಲೆ ನೋಡಲಿಲ್ಲ. ನೋಡದಿರುವುದೇ ಅಲ್ಲಿನ ಸಭ್ಯತೆ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯನಾದ ಉಷಿಜಿಮಾ ಗಂಟಲು ಸರಿಮಾಡಿಕೊಂಡ.

"ಇವತ್ತು ಗಾಳಿ ಸ್ವಲ್ಪ ಜಾಸ್ತಿ."

ಅಂಗಳದ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಎಲ್ಲರೂ ತಲೆಯಾಡಿಸಿದರು.

"ಹೌದೌದು," ಎಂದಳು ಸುಮಿಯೆ. "ಕೆಳಗಿಂದ ಮೇಲಕ್ಕೆ ಬೀಸ್ತಿದೆ."

ಕಾಗೊಷಿಮಾದಲ್ಲಿ ಕೈಗವಸು ಹೊಲಿಯುವವನೊಬ್ಬನಿದ್ದ. ಅವನ ಬಳಿ ಕೊಟ್ಟಿದ್ದರೆ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅವನು ಉಷಿಜಿಮಾನ ಭಾವಮೈದುನ. ಕೈಗವಸು ದೊಡ್ಡದಾಯಿತೆಂಬ ಸುದ್ದಿ ಕೈಗವಸಿಗಿಂತ ಮೊದಲೇ ಊರಿಗೆ ವಾಪಸು ಬರುತ್ತಿತ್ತು. ದೊಡ್ಡದು ಎಂದರೆ ಏನರ್ಥ? ಗುರುವಿನ ಜಾಗಕ್ಕೆ ಕುರೋಸು ಚಿಕ್ಕವನು ಎಂದರ್ಥ. ಹಾಗಾಗಿ ಒಂದು ಮಧ್ಯಾಹ್ನ, ಮಿನೆಕೊ ಪೇಟೆಗೆ ಹೋದ ಹೊತ್ತು ನೋಡಿ, ಕತ್ತರಿ ಹಿಡಿದು ಕೂತ. ಅವಳು ಹಿಂದಿರುಗಿದಾಗ ಅವಳ ಜಿಂಕೆ ಚರ್ಮದ ಕೈಚೀಲ ಚಾಪೆಯ ಮೇಲೆ ಚೂರುಚೂರಾಗಿ ಹರಡಿತ್ತು.

"ಅಯ್ಯೋ! ರೀ, ಅದು ನಮ್ಮಮ್ಮ ಕೊಟ್ಟಿದ್ದು!"

"ಒಳಗೆ ಅಸ್ತರು ಕೊಡೋಕೆ ಚರ್ಮ ಬೇಕಿತ್ತು."

"ನಿಮಗೆ ಬೇಕಾಗಿರೋದು ಚರ್ಮ ಅಲ್ಲ, ಬಾಯಿ. 'ಇದು ನಂಗೆ ಆಗಲ್ಲ' ಅನ್ನೋಕೆ ಒಂದು ಬಾಯಿ. ಅದನ್ನ ಯಾವ ಕೈಚೀಲದಿಂದ ಕತ್ತರಿಸ್ತೀರಿ?"

ಕುರೋಸು ತಲೆ ಎತ್ತಲಿಲ್ಲ. ಅವನ ಹೊಲಿಗೆ ಏಡಿಯ ನಡಿಗೆಯಂತೆ ಸಾಗಿತ್ತು. ಮಿನೆಕೊ ಪಕ್ಕದಲ್ಲಿ ಕೂತು, ಸೂಜಿಯನ್ನು ಕಿತ್ತುಕೊಂಡು, ಕೈಗವಸಿನ ಮಣಿಕಟ್ಟನ್ನು ತಾನೇ ಒಂದು ಬೆರಳಿನಷ್ಟು ಕಿರಿದು ಮಾಡಿ ಹೊಲಿದಳು. ಹೊಲಿಯುವಷ್ಟು ಹೊತ್ತೂ ಬೈದಳು.

ಹೆಬ್ಬೆರಳಿನ ಗೂಡಿಗೆ ಚರ್ಮದ ಎರಡು ಪದರಗಳನ್ನು ಕುರೋಸು ಅನ್ನದ ಅಂಟಿನಲ್ಲಿ ಅಂಟಿಸಿದ. ಒಣಗಿದ ಮೇಲೆ ತೊಟ್ಟರೆ, ಆಹಾ, ಕೈಯ ತೊಗಲಿನಂತೆಯೇ ಕೂತಿತು! ಎಷ್ಟು ಚೆನ್ನಾಗಿ ಕೂತಿತೆಂದರೆ, ಒಳಗೆ ಹಾಕಬೇಕಾದ ತೆಳ್ಳನೆಯ ಹತ್ತಿಯ ಗವಸಿಗೆ ಜಾಗವೇ ಉಳಿಯಲಿಲ್ಲ. ಹತ್ತಿಯ ಗವಸಿಲ್ಲದೆ ಚರ್ಮಕ್ಕೆ ಕೈ ಹಾಕಬಾರದು, ಬೆವರು ತಾಗುತ್ತದೆ. ಗರಡಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಈ ಪಾಠ ಹೇಳುತ್ತಿದ್ದವನು ಕುರೋಸುವೇ. ಎರಡು ಬಾಣಕ್ಕೆ ಏನು ಮಹಾ ಬೆವರು ಎಂದು ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡ.

ತಿಥಿಯ ದಿನ ಗೋಡೆಗಳೇ ಬೆವರುವಂಥ ಧಗೆ, ಹೊರಗೆ ಜಿಟಿಜಿಟಿ ಮಳೆ. ಕುರೋಸು ಮಂಡಿಯೂರಿ ಕೂತು ಕೈಗವಸು ತೊಟ್ಟ, ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿದ, ಎದ್ದು ನಿಂತ, ಬಿಲ್ಲು ಎತ್ತಿದ. ಮೊದಲ ಬಾಣ ಗುರಿಯ ಕಾಗದವನ್ನು ಟಪ್ಪೆಂದು ಸೀಳಿತು. "ಷಾ!" ಎಂದು ಗರಡಿ ಮೆಚ್ಚಿ ಕೂಗಿತು. ಎರಡನೆಯದು ಗುರಿಯ ಪಕ್ಕದ ಮರಳಿನ ದಿಬ್ಬವನ್ನು ಹೊಕ್ಕಿತು, ಆದರೂ ಮರ್ಯಾದಸ್ಥ ಅಂತರದಲ್ಲೇ. ಕುರೋಸುವಿನ ಎದೆ ಜೀವಮಾನದಲ್ಲಿ ಮೊದಲ ಸಲ ತನ್ನದೇ ಅಳತೆಗೆ ಉಬ್ಬಿತು.

ಇನ್ನು ಉಳಿದದ್ದು ಒಂದೇ. ಮೇಷ್ಟ್ರ ಪಟದ ಮುಂದೆ ಮಂಡಿಯೂರಿ, ಕೈಗವಸು ಕಳಚಿ ಬಲಕ್ಕಿಟ್ಟು, ಬರಿಗೈ ಜೋಡಿಸಬೇಕು. ಅವನು ಜೋಡಿಸಿದ ಮೇಲೆ ಉಳಿದವರು. ಆಮೇಲೆ ಕಾಲು ಸಡಿಲಿಸಬಹುದು, ಆಮೇಲೆ ಊಟ.

ಪಟ್ಟಿ ಬಿಚ್ಚಿತು. ಕೈಗವಸು ಬರಲಿಲ್ಲ.

ಮೆಲ್ಲಗೆ ಎಳೆದ. ಬೆವರಿಗೆ ಅನ್ನದ ಅಂಟು ಮತ್ತೆ ಜೀವ ತಳೆದು ಹೆಬ್ಬೆರಳನ್ನು ಅಪ್ಪಿಕೊಂಡಿತ್ತು; ಉಬ್ಬಿದ ಕೈಯನ್ನು ಮಿನೆಕೊಳ ಹೊಲಿಗೆ ದಾಟಗೊಡಲಿಲ್ಲ. ಹೊಲಿಗೆಯಂತೂ ಬಲು ಗಟ್ಟಿ. ಹಿಂದೆ ಸಾಲಾಗಿ ಮಂಡಿಯೂರಿದ್ದ ಹಿರಿಯರು ಪಟವನ್ನೇ ದಿಟ್ಟಿಸಿದರು. ಊದುಬತ್ತಿ ಉರಿದು ಬೂದಿಯಾಯಿತು. ಪಕ್ಕದ ಕೋಣೆಯಿಂದ ಸುಮಿಯೆ ತಂದ ಡಬ್ಬಿಗಳ ಕರಿದ ಕೋಳಿಯ ಘಮ ತೇಲಿ ಬಂತು. ಯಾರದೋ ಮಂಡಿ ಲಟಕ್ಕೆಂದಿತು.

ಕಡೆಗೆ ಉಷಿಜಿಮಾನೇ ಬಾಯಿ ಬಿಟ್ಟ. "ಎಂಥಾ ಗುರುಭಕ್ತಿ! ಮೇಷ್ಟ್ರ ಕೈ ಬಿಡೋಕೆ ಕುರೋಸು ಅವರಿಗೆ ಮನಸ್ಸೇ ಬರ್ತಿಲ್ಲ."

ಎಲ್ಲರೂ ತಲೆಯಾಡಿಸಿದರು. ಇಬ್ಬರು ಕಣ್ಣೊರೆಸಿಕೊಂಡರು, ಮಂಡಿ ನೋವಿಗೆ.

ದಾರಿ ತೆರೆದಿತ್ತು. ಹಾಗೆಯೇ ಕೈಗವಸು ಸಮೇತ ಕೈ ಜೋಡಿಸಿದ್ದರೆ ಸಾಕು. ಭಕ್ತಿಯ ಹೆಸರಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು, ಯಜಮಾನಿಕೆಯೂ ಅವನದಾಗುತ್ತಿತ್ತು. ಕುರೋಸು ಕೈಯನ್ನು ಅರ್ಧ ಎತ್ತಿಯೂ ಎತ್ತಿದ. ಒಳಗೆ ಬೆರಳು ಪಟಪಟನೆ ಬಡಿದುಕೊಳ್ಳುತ್ತಿತ್ತು, ಬಾಗಿಲು ತಟ್ಟುವವರ ಹಾಗೆ.

"ಭಕ್ತಿ ಅಲ್ಲ," ಎಂದ. ದನಿ ಎಷ್ಟು ಜೋರಾಗಿ ಬಂತೆಂದರೆ ಅವನೇ ಬೆಚ್ಚಿದ. "ಸಿಕ್ಕಾಕ್ಕೊಂಡಿದೆ. ಇದು ನಂಗೆ ದೊಡ್ಡದಾಗಿತ್ತು. ಮೊದಲಿಂದಲೂ ಆಗ್ತಿರಲಿಲ್ಲ. ಚಿಕ್ಕದು ಮಾಡ್ಕೊಂಡೆ. ಈಗ ಬರ್ತಿಲ್ಲ."

ಹಾತ್ಸುನೊ ಎದ್ದುಹೋಗಿ ಅಡುಗೆಮನೆಯಿಂದ ಮೀನು ಕತ್ತರಿಸುವ ಕತ್ತರಿ ತಂದಳು. "ಕೈ ಕೊಡಪ್ಪ."

"ಅಮ್ಮಾ! ಮೇಷ್ಟ್ರ ಕೈಗವಸು!" ಉಷಿಜಿಮಾ ಚೀರಿದ.

"ಮೇಷ್ಟ್ರು ಹೋಗಿ ವರ್ಷ ಆಯ್ತು, ಉಷಿಜಿಮಾ ಅವ್ರೇ. ಈ ಬೆರಳು ಇನ್ನೂ ಬದುಕಿದೆ."

ಕತ್ತರಿ ಕರಕರನೆ ನಡೆಯಿತು. ಕುರೋಸುವಿನ ಕೈ ಹೊರಗೆ ಬಂತು, ತೊಳೆದ ಮೂಲಂಗಿಯ ಹಾಗೆ ಬಿಳಿಚಿಕೊಂಡು, ಪುಟ್ಟದಾಗಿ. ಜೋಡಿಸಿದ. ಹಿಂದೆ ಎಲ್ಲರೂ ಜೋಡಿಸಿ, ನರಳುತ್ತ ಕಾಲು ಚಾಚಿದರು.

ಊಟದ ಕೋಣೆಯಲ್ಲಿ ಸುಮಿಯೆಯ ಕೋಳಿಯನ್ನು ಬಾಯ್ತುಂಬ ಅಗಿಯುತ್ತ ಹಿರಿಯರು ತೀರ್ಮಾನಿಸಿದರು: ಕೈಗವಸು ಹರಿದದ್ದರಿಂದ, ತಕ್ಕವರು ಸಿಗುವವರೆಗೆ ಯಜಮಾನಿಕೆ ಉಷಿಜಿಮಾನದು.

"ಸಿಗೋವರೆಗೂ ನಾನು ಊಟ ಕಟ್ತಿರಲಾ?" ಸುಮಿಯೆ ಹಲ್ಲು ಕಾಣುವಂತೆ ನಕ್ಕಳು.

"ತಕ್ಕವರು ಸಿಕ್ಕಿದಾರಲ್ಲ," ಎಂದ ಕುರೋಸು. "ಹಿದಾಕಾ ಅವರು. ಇಲ್ಲೇ ಕೂತಿದಾರೆ."

ಎಲ್ಲರೂ ತಂತಮ್ಮ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕುರೋಸು ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದ.

ಉಷಿಜಿಮಾ ಉಪ್ಪಿನಕಾಯಿ ಈ ಕಡೆ ಕೊಡಿ ಎಂದ. ಉಪ್ಪಿನಕಾಯಿ ಹಾತ್ಸುನೊಳ ಕೈಲಿತ್ತು. ಅವಳು ಕೊಡಲಿಲ್ಲ.