ಮೋಟಾರು ಮೈದಾನಕ್ಕೆ ಮೂರು ಸುತ್ತು

ಹೊಸ ಜಾಗಕ್ಕೆ ಹೋಗುವ ಮೊದಲು ಅದರ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ನೆಂಟರ ಮದುವೆಗೆ ಹೋಗುವಾಗಲೂ ಊಟದ ಚಪ್ಪರ ಎಲ್ಲಿ, ಯಾರ ಕಣ್ಣಿಗೂ ಬೀಳದೆ ಕೂರುವ ಮೂಲೆ ಎಲ್ಲಿ ಎಂದು ಮೊದಲೇ ವಿಚಾರಿಸಿಕೊಂಡಿರುತ್ತೇನೆ. ಮೈಸೂರಿನಲ್ಲಿ ಗಣಿತ ಓದಿದ್ದರಿಂದ ಹೀಗಾಯಿತೆಂದು ನಮ್ಮ ಸೋದರತ್ತೆ ಹೇಳುತ್ತಾರೆ. ಹೀಗಿದ್ದದ್ದರಿಂದಲೇ ಗಣಿತ ಓದಿದೆನೆಂದು ನನ್ನ ಅನುಮಾನ.

ನಮ್ಮ ಮೋಟಾರು ಮೈದಾನ ಮುಚ್ಚುತ್ತದೆ, ಕೊನೆಯ ದಿನ ಗಾಡಿ ತಂದವರೆಲ್ಲ ಒಂದು ಸುತ್ತು ಓಡಿಸಬಹುದು ಎಂದು ತಿಳಿದಾಗ ನಾನು ಮಾಡಿದ ಮೊದಲ ಕೆಲಸವೂ ಅದೇ. ಅದರ ಏಳು ತಿರುವುಗಳನ್ನು ಬರೆದು ಬಾಯಿಪಾಠ ಮಾಡಿದೆ.

ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವಾಗ ಸಿಗುವ ಮೈದಾನ ಅದು. ಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ನೆಲ ಗಟ್ಟಿ ಮಾಡಿದ್ದರು. ವಿಮಾನ ಬರುವಷ್ಟರಲ್ಲಿ ಯುದ್ಧ ಮುಗಿಯಿತು. ಆಮೇಲೆ ಕಾಫಿ ಸೀಮೆಯ ಸಾಹುಕಾರರು ವರ್ಷಕ್ಕೊಮ್ಮೆ ಬಂದು ಅದರ ಸುತ್ತಲಿನ ಏರಿಳಿತದ ಹಾದಿಯಲ್ಲಿ ರೇಸು ಓಡಿಸತೊಡಗಿದರು. ಪ್ರತಿ ವರ್ಷ ಹಗ್ಗದ ಆಚೆ ನಿಂತು ನೋಡಿದ್ದೇನೆ. ಕಾರು ಬರುವುದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ಕಂಡಿತು ಅನ್ನುವಷ್ಟರಲ್ಲಿ ಬರೀ ಧೂಳು. ಯಾವ ಮಾತು ಎಲ್ಲಿ ನಿಂತಿತ್ತೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಬಳ್ಳಿಗಾವಿಯ ಗುಡಿಯ ಕಲ್ಲಿನ ಕಂಬಗಳ ಮುಂದೆ ನಿಂತಾಗಲೂ ನನಗೆ ಇಂಥದೇ ಮೌನ ಕವಿಯುತ್ತದೆ. ಅಲ್ಲಿ ಅಲುಗದಿರುವುದನ್ನು ಕಂಡು, ಇಲ್ಲಿ ನಿಲ್ಲದಿರುವುದನ್ನು ಕಂಡು. ಈಗ ಸರ್ಕಾರ ಆ ಜಮೀನನ್ನು ಸಾಗುವಳಿಗೆ ಹಂಚಿತ್ತು. ಮರುದಿನವೇ ನೇಗಿಲು ಇಳಿಯುವುದಿತ್ತು.

ಒಂದು ಸಲ ಹಗ್ಗದ ಒಳಗಿನಿಂದ ಅದನ್ನು ನೋಡಬೇಕೆಂಬುದು ನನ್ನ ಆಸೆ. ಯಾರಿಗೂ ಹೇಳಿರಲಿಲ್ಲ, ಬುಡನ್ ಸಾಬರಿಗೆ ಬಿಟ್ಟು. ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುವ ಅವರೇ ಅಪ್ಪನ ಹಳೆಯ ಕಾರಿನಲ್ಲಿ ನನಗೆ ಓಡಿಸುವುದನ್ನು ಕಲಿಸಿದವರು. ಜನ ಊಟಕ್ಕೆ ಕೂತ ಹೊತ್ತಿನಲ್ಲಿ ಸದ್ದಿಲ್ಲದೆ ಸುತ್ತು ಮುಗಿಸುವುದೆಂದು ಇಬ್ಬರೂ ಗೊತ್ತುಮಾಡಿಕೊಂಡೆವು. ಹೊರಡುವಾಗ ನೋಡಿದರೆ, ಅತ್ತೆ ಬುತ್ತಿ ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದರು. ಅದು ನಕ್ಷೆಯಲ್ಲಿರಲಿಲ್ಲ.

ನಕ್ಷೆಯಲ್ಲಿಲ್ಲದ್ದು ಇನ್ನೂ ಒಂದಿತ್ತು. ರೇಸಿನ ಕಾರುಗಳು ಯಾವಾಗಲೂ ಮೈದಾನದ ನಡುವನ್ನು ಎಡಗೈಗೆ ಬಿಟ್ಟು ಸುತ್ತುತ್ತಿದ್ದವು. ಬೆಳಿಗ್ಗೆ ಸಾಹುಕಾರರು ಹಾಗೇ ಸುತ್ತಿ ಮುಗಿಸಿದರು. ಊರವರ ಸರದಿ ಬಂದಾಗ ಮೊದಲು ಹೊರಟದ್ದು ಅಕ್ಕಿ ಗಿರಣಿಯ ಪರಮೇಶಪ್ಪನವರ ಲಾರಿ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಕೈಮುಗಿದು, ಅವರು ಮೈದಾನವನ್ನು ಬಲಗೈಗೆ ಬಿಟ್ಟುಕೊಂಡು ಹೊರಟರು. ಬಾವುಟ ಹಿಡಿದು ಗಾಡಿ ಬಿಡುತ್ತಿದ್ದ ಕಾಫಿ ತೋಟದ ಯಜಮಾನರೊಬ್ಬರು ಓಡಿಬಂದರು.

“ರೀ ಸ್ವಾಮಿ, ಉಲ್ಟಾ ಹೋಗ್ತಿದೀರಿ!”

“ಇಷ್ಟು ವರ್ಷ ಉಲ್ಟಾ ಹೋದೋರು ನೀವು ಕಣ್ರೀ! ಎಡಸುತ್ತು ಸುತ್ತಿ ಸುತ್ತಿ ನೋಡ್ರಿ, ಮೈದಾನಾನೇ ಹೋತು!” ಎಂದು ಪರಮೇಶಪ್ಪ ಲಾರಿಯಿಂದಲೇ ಕೂಗಿದರು.

ಹಿಂದಿದ್ದ ಗಾಡಿಗಳೆಲ್ಲ ಅವರ ಬೆನ್ನು ಹಿಡಿದವು. ಸುತ್ತುವುದೆಂದರೆ ನಮ್ಮವರಿಗೆ ಬಲಸುತ್ತೇ. ಎಡಸುತ್ತು ಅಶುಭಕ್ಕೆ ಮಾತ್ರ. ಹಾದಿಯಲ್ಲಿ ಒಂದು ಮೋರಿಯೂ ಇತ್ತು. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿಯುವ ಕಾಲುವೆಯನ್ನು ದಾಟದೆ ಅಲ್ಲಿಂದಲೇ ಹಿಂದಿರುಗುವ ಪದ್ಧತಿಯುಂಟಲ್ಲ, ಹಾಗೆ ಮೋರಿಯ ಹತ್ತಿರ ನಿಂತು ವಾಪಸ್ಸು ಬರಬೇಕೇ ಎಂದು ತೊಗರ್ಸಿಯ ಹಿರಿಯರೊಬ್ಬರು ನಿಜವಾಗಿಯೂ ಯೋಚನೆಗೆ ಬಿದ್ದರು. ಬಾವುಟದ ಯಜಮಾನರು ಹಣೆ ಚಚ್ಚಿಕೊಂಡರು. ಎದುರಿನಿಂದ ಯಾರೂ ಬರದಿದ್ದರೆ ಸಾಕೆಂದು ಆ ದಿನಕ್ಕೆ ದಿಕ್ಕನ್ನೇ ಬದಲಾಯಿಸಿಬಿಟ್ಟರು.

ನನ್ನ ಏಳು ತಿರುವುಗಳೂ ತಲೆಕೆಳಗಾದವು. ತಿರುಗಿಸಿ ಓದಿಕೊಂಡರಾಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡೆ. ಆದರೆ ಇಳಿಜಾರೆಂದುಕೊಂಡದ್ದು ಏರಾಗಿ ಎದುರು ನಿಂತಾಗ ಓದಿದ್ದು ಪ್ರಯೋಜನಕ್ಕೆ ಬರುವುದಿಲ್ಲ. ಸ್ಟೇರಿಂಗಿನಿಂದ ಕೈ ತೆಗೆದೆ.

“ಬೇಡ ಬುಡನ್ ಸಾಬ್ರೇ, ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂರ್ತೀನಿ.”

“ನಾನ್ ಓಡಿಸಿದ್ರೆ ಸುತ್ತು ನಂದಾಗ್ತದೆ ಅಕ್ಕಾರೇ, ನಿಮ್ದಾಗಲ್ಲ. ನಾಳೆ ನೋಡೋಣ ಅಂದ್ರೆ ಇಲ್ಲಿ ನೇಗ್ಲು ಇರ್ತದೆ,” ಎಂದು ಅವರು ಕಾರಿನಿಂದ ಇಳಿದೇ ಹೋದರು.

ಊಟಕ್ಕೆ ಹೋಗಬೇಕಾಗಿದ್ದ ಜನ ಯಾರೂ ಹೋಗಿರಲಿಲ್ಲ. “ಏ, ಹೆಣ್ಮಗಳು ಸ್ಟೇರಿಂಗ್ ಹಿಡಿದಾಳೆ! ದಾರಿ ಬಿಡ್ರಪ್ಪೋ!” ಎಂದು ಯಾರೋ ಕೂಗಿದರು. ಕಿವಿ ಬಿಸಿಯಾಯಿತು. ಹೊರಟೆ.

ಮೊದಲ ಸುತ್ತಿನ ಬಗ್ಗೆ ಹೇಳಲು ಏನೂ ಇಲ್ಲ, ಏಕೆಂದರೆ ನಾನು ಏನನ್ನೂ ನೋಡಲಿಲ್ಲ. ತಿರುವುಗಳು ಬಂದವು, ಹೋದವು. ಒಂದರ ಪರಿಚಯವೂ ನನಗಿರಲಿಲ್ಲ. ಹೊರಗೆ ಹೋಗುವ ಬಾಗಿಲು ಎದುರಾಯಿತು. ಒಬ್ಬರಿಗೆ ಒಂದೇ ಸುತ್ತೆಂದು ಕಟ್ಟುನಿಟ್ಟು. ಇಷ್ಟು ವರ್ಷದ ಆಸೆ ಕಣ್ಣು ಮುಚ್ಚಿಕೊಂಡ ಹಾಗೆ ಮುಗಿಯಿತಲ್ಲ ಎಂದುಕೊಂಡೆ. ಬ್ರೇಕಿನ ಮೇಲೆ ಕಾಲಿಟ್ಟೆ.

“ಯಾಕೇ ನಿಲ್ಸ್ತೀಯ?” ಹಿಂದಿನಿಂದ ಅತ್ತೆ.

“ಒಂದೇ ಸುತ್ತು, ಅತ್ತೆ.”

“ಒಂದೇ ಸುತ್ತು ಯಾರಾದ್ರೂ ಹಾಕ್ತಾರೇನೇ ಗಿರಿಜಾ? ಮೂರು ಆಗ್ಬೇಕು. ನಡಿ, ನಡಿ.”

ನಾನು ನಿಯಮ ಮುರಿದವಳಲ್ಲ. ಆದರೆ ಎರಡು ನಿಯಮಗಳು ಎದುರುಬದುರಾದಾಗ ಹಳೆಯದಕ್ಕೆ ಮರ್ಯಾದೆ ಕೊಡುವುದು ತಪ್ಪೇನಲ್ಲವಷ್ಟೆ.

ಎರಡನೆಯ ಸುತ್ತಿನಲ್ಲಿ ಮೋರಿ ದಾಟಿ ಏರು ಹತ್ತಿದೆ. ತುದಿಯಲ್ಲಿ ಹಾದಿ ಮುಗಿದು ಬರೀ ಆಕಾಶ. ಮರುಗಳಿಗೆಯಲ್ಲಿ ಕೆಳಗೆ ಕೆರೆ, ಇಡೀ ಕೆರೆ, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತ. ಗುಡವಿಯ ಕಡೆಯಿಂದ ಬಂದ ಬೆಳ್ಳಕ್ಕಿಗಳ ಸಾಲೊಂದು ಕಿಟಕಿಯ ಪಕ್ಕದಲ್ಲೇ, ನಮ್ಮಷ್ಟೇ ವೇಗದಲ್ಲಿ ಹಾರುತ್ತಿತ್ತು. ಊರಿನ ಯಾವ ಬೀದಿಯಲ್ಲೂ ನಾನು ಅಂಚಿನಲ್ಲೇ ನಡೆದವಳು. ಇಲ್ಲಿ ಎದುರಿಗೆ ಎತ್ತಿಲ್ಲ, ಗಾಡಿಯಿಲ್ಲ, ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವವರಿಲ್ಲ. ಉಸಿರು ಬಿಡುವುದೇ ಮರೆತುಹೋಯಿತು. ಹಿಂದಿನಿಂದ ಅತ್ತೆ ಮೆಲ್ಲಗೆ “ಶಿವಶಿವಾ” ಎಂದರು. ಹೆದರಿ ಹಾಗನ್ನುವವರಲ್ಲ ಅವರು. ರೇಸಿನವರಿಗೆ ಇದೆಲ್ಲ ಬೆನ್ನ ಹಿಂದೆ ಉಳಿಯುತ್ತಿತ್ತೆಂದು ಆಗ ಹೊಳೆಯಿತು. ಮೂರನೆಯ ಸುತ್ತಿನಲ್ಲಿ ಆ ಏರಿನ ತುದಿಯನ್ನು ನಡಿಗೆಯಷ್ಟು ನಿಧಾನವಾಗಿ ದಾಟಿದೆ.

“ಒಂದೇ ಸುತ್ತು ಅಂದಿದ್ವಲ್ಲಮ್ಮಾ,” ಎಂದು, ಬಾಗಿಲ ಹತ್ತಿರ ಕಾರು ನಿಲ್ಲಿಸಿದಾಗ, ಬಾವುಟದ ಯಜಮಾನರು ಕಿಟಕಿಗೆ ಬಗ್ಗಿದರು.

“ಮೂರು ಸೇರಿದ್ರೇ ಒಂದು ರೀ,” ಎಂದರು ಅತ್ತೆ.

ಯಜಮಾನರು ನಕ್ಕು ನನ್ನ ಕಡೆ ತಿರುಗಿದರು. “ಏರಿನ ಮೇಲೆ ಯಾಕೆ ಅಷ್ಟು ನಿಧಾನ? ಎಂಜಿನ್ನು ತೊಂದರೆ ಕೊಡ್ತಾ?”

ಅಪರಿಚಿತರೊಡನೆ ಮಾತು ಬೆಳೆಸುವವಳಲ್ಲ ನಾನು. “ನೀವೂ ಒಂದ್ಸಲ ಈ ಕಡೆಯಿಂದ ಹೋಗಿ ನೋಡಿ,” ಎಂದೆ.

ಅವರು ಬಾವುಟವನ್ನು ಬುಡನ್ ಸಾಬರ ಕೈಗೆ ಕೊಟ್ಟು ತಮ್ಮ ಕೆಂಪು ಕಾರು ಹತ್ತಿದರು. ಬಲಸುತ್ತಿಗೆ ಹೊರಟ ಆ ಕಾರಿನ ಗುಡುಗು ಮೋರಿ ದಾಟಿತು, ಏರು ಹತ್ತಿತು. ತುದಿ ಮುಟ್ಟಿದ್ದೇ ತಟ್ಟನೆ ನಿಂತುಹೋಯಿತು. ಎಲ್ಲರೂ ಕತ್ತೆತ್ತಿ ನೋಡಿದರು.

“ಕೆಟ್ಟು ನಿಂತ್ಕೊಂಡ್ತು ನೋಡ್ರಿ,” ಎಂದರು ಪರಮೇಶಪ್ಪ.

ಕೆಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಅವರು ಬರುವುದು ತಡವಾಗುತ್ತದೆಂದೂ ಗೊತ್ತಿತ್ತು.